ಬೇಸಗೆಯ ರಜೆಯೂ ಬಾಲಕರ ಸ್ವಾಧ್ಯಾಯವ್ರತವೂ

ಉಪಯೋಗವೇ ಜೀವದ ಲಕ್ಷಣವೆಂದು ಆಗಮಗಳು ಸಾರುತ್ತವೆ. ತಿಳಿಯುವುದು, ಕಾಣುವುದು ಎಂಬ ಈ ವ್ಯಾಪಾರವು ಜೀವದಲ್ಲಿ ಒಂದು ಕ್ಷಣವೂ ನಿಲ್ಲತಕ್ಕದ್ದಲ್ಲ. ಹೀಗಿರುವಲ್ಲಿ, ಶಾಲೆಗೆ ರಜೆ ಬಂದಿತೆಂದರೆ ಮಗುವಿನ ಕಲಿಕೆಗೂ ರಜೆ ಬಂದಿತೆಂದು ಭಾವಿಸುವುದು ತತ್ತ್ವಕ್ಕೆ ಒಪ್ಪುವ ಮಾತಾಗುವುದಿಲ್ಲ. ಶಾಲೆಯ ಬಾಗಿಲಿಗೆ ಬೀಗ ಬಿದ್ದ ದಿನವೂ ಮಗು ಕಲಿಯುತ್ತಲೇ ಇರುತ್ತದೆ. ಏನನ್ನು ಕಲಿಯುತ್ತದೆ, ಯಾರಿಂದ ಕಲಿಯುತ್ತದೆ ಎಂಬುದನ್ನಷ್ಟೇ ಹಿರಿಯರು ಆಲೋಚಿಸಬೇಕಾಗಿದೆ. ಹಿರಿಯರು ಆಲೋಚಿಸದೆ ಬಿಟ್ಟರೆ ಬೀದಿ ಕಲಿಸುತ್ತದೆ; ಬೀದಿಯೂ ಇಲ್ಲದ ಪಟ್ಟಣದ ಮನೆಗಳಲ್ಲಿ ಮೊಬೈಲಿನ ಗಾಜಿನ ಫಲಕ ಕಲಿಸುತ್ತದೆ.

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ತಿಂಗಳ ಎರಡನೆಯ ವಾರದ ಸುಮಾರಿಗೆ ಬೇಸಗೆಯ ರಜೆ ತೊಡಗಿ ಮೇ ತಿಂಗಳ ಕೊನೆಯವರೆಗೆ ನಡೆಯುವುದು ರೂಢಿ. ಈ ಅವಧಿಯಲ್ಲಿಯೂ ಇದರ ಅಂಚಿನಲ್ಲಿಯೂ ಜೈನರಿಗೆ ಎರಡು ಮಹಾಪರ್ವಗಳು ಒದಗುತ್ತವೆ. ವೈಶಾಖ ಶುಕ್ಲ ತದಿಗೆಯಂದು ಅಕ್ಷಯ ತೃತೀಯೆ. ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ. ಮೊದಲನೆಯದು ದಾನದ ಪರ್ವ, ಎರಡನೆಯದು ಜ್ಞಾನದ ಪರ್ವ. ತದಿಗೆಯಂದು ತೊಡಗಿ ಪಂಚಮಿಯ ಹಿಂದಿನ ದಿನದವರೆಗೆ ತಿಥಿಗಳ ಲೆಕ್ಕದಲ್ಲಿ 32 ದಿನಗಳಾಗುತ್ತವೆ. ನಡುವೆ ಅಧಿಕಮಾಸ ಬಂದ ವರ್ಷ ಮಾತ್ರ ಇನ್ನೊಂದು ತಿಂಗಳು ಸೇರುತ್ತದೆ. ಈ 32 ದಿನಗಳನ್ನು ಮನೆಯ ಮಕ್ಕಳ ಸ್ವಾಧ್ಯಾಯವ್ರತವನ್ನಾಗಿ ನಡೆಸಿದರೆ ರಜೆಯೂ ಸಾರ್ಥಕವಾಗುವುದು, ಎರಡು ಪರ್ವಗಳ ಅರ್ಥವೂ ಮನೆಯೊಳಗೆ ಬೆಳಗುವುದು.

ಕೊಡಲು ಅರಿಯದವರ ಕಥೆ

ಅಕ್ಷಯ ತೃತೀಯೆಯ ಕಥೆಯನ್ನು ಅರಿಯದ ಶ್ರಾವಕರಿಲ್ಲ. ಆದರೆ ಆ ಕಥೆಯಲ್ಲಿ ಅಡಗಿರುವ ಒಂದು ಸಂಗತಿಯ ಮೇಲೆ ಎಲ್ಲರ ದೃಷ್ಟಿ ನಿಲ್ಲುವುದಿಲ್ಲ. ಆದಿತೀರ್ಥಂಕರನಾದ ಋಷಭದೇವನು ದೀಕ್ಷೆಯನ್ನು ಕೈಕೊಂಡು ಆರು ತಿಂಗಳ ಉಪವಾಸವನ್ನು ಪೂರೈಸಿ ಆಹಾರಕ್ಕಾಗಿ ಹೊರಟನು. ಹೋದಲ್ಲೆಲ್ಲ ಜನರು ಎದುರುಗೊಂಡರು. ಆನೆಗಳನ್ನು ತಂದರು, ಕುದುರೆಗಳನ್ನು ತಂದರು, ರತ್ನಗಳನ್ನೂ ವಸ್ತ್ರಗಳನ್ನೂ ತಂದು ಮುಂದಿಟ್ಟರು. ಅವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಕೊಡುವ ಮನಸ್ಸಿಗೆ ಕೊರತೆಯಿರಲಿಲ್ಲ. ಮನೆಯಲ್ಲಿ ಅನ್ನಕ್ಕೂ ಕೊರತೆಯಿರಲಿಲ್ಲ. ಆದರೂ ಸ್ವಾಮಿಯು ಬರಿಗೈಯಲ್ಲಿ ಮುಂದೆ ನಡೆಯಬೇಕಾಯಿತು. ಏಕೆಂದರೆ ನಿರ್ಗ್ರಂಥ ಮುನಿಗೆ ಆಹಾರವನ್ನು ಹೇಗೆ ಕೊಡಬೇಕೆಂಬ ವಿಧಿ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆ ಅದನ್ನು ಕಲಿಸಿದವರೇ ಇರಲಿಲ್ಲ. ಹೀಗೆ ಮತ್ತೂ ಹಲವು ತಿಂಗಳುಗಳು ಕಳೆದವು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮನಾದ ಶ್ರೇಯಾಂಸನಿಗೆ ಸ್ವಾಮಿಯನ್ನು ಕಂಡೊಡನೆ ಜಾತಿಸ್ಮರಣೆಯಾಯಿತು. ಹಿಂದಿನ ಭವದಲ್ಲಿ ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರವಿತ್ತ ಕ್ರಮ ನೆನಪಿಗೆ ಬಂದಿತು. ಆ ನೆನಪಿನ ಬಲದಿಂದ ಅವನು ಕಬ್ಬಿನ ಹಾಲನ್ನು ವಿಧಿವತ್ತಾಗಿ ಅರ್ಪಿಸಿದನು.

ಭಕ್ತಿಯೊಂದೇ ಸಾಲದು, ವಿಧಿಯ ಅರಿವೂ ಬೇಕೆಂಬುದು ಈ ಕಥೆಯ ಮರ್ಮ. ಶ್ರೇಯಾಂಸನಿಗೆ ಆ ಅರಿವು ಪೂರ್ವಜನ್ಮದಿಂದ ಬಂದಿತು. ಈ ಕಾಲದ ಮಕ್ಕಳಿಗೆ ಜಾತಿಸ್ಮರಣೆಯಾಗಲೆಂದು ಕಾದು ಕುಳಿತಿರುವುದು ಸಾಧ್ಯವೇ? ಅವರ ಪಾಲಿಗೆ ಪೂರ್ವಜನ್ಮದ ಸ್ಮರಣೆಯ ಸ್ಥಾನದಲ್ಲಿರುವವರು ಮನೆಯ ಅಜ್ಜ-ಅಜ್ಜಿಯರು, ತಂದೆ-ತಾಯಿಯರು. ಅವರು ಹೇಳಿದರೆ ಮಗುವಿಗೆ ನೆನಪಾಯಿತು. ಅವರು ಹೇಳದೆ ಹೋದರೆ ಆ ಮನೆಯಲ್ಲಿ ವಿಧಿ ಅಲ್ಲಿಗೆ ಮುಗಿಯಿತು.

ಇಂಥದೊಂದು ಮನೆಯನ್ನು ಮನಸ್ಸಿನ ಮುಂದೆ ತಂದುಕೊಳ್ಳಬಹುದು. ಮನೆಯ ಹಿರಿಯಳು ಅಷ್ಟಾಹ್ನಿಕವನ್ನೂ ದಶಲಕ್ಷಣವನ್ನೂ ತಪ್ಪದೆ ಆಚರಿಸುವವಳು. ನೀರನ್ನು ಸೋಸದೆ ಬಳಸುವವಳಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವವಳಲ್ಲ. ಮೊಮ್ಮಗನು ಒಂದು ದಿನ, “ಅಜ್ಜೀ, ಈ ನೀರು ತಿಳಿಯಾಗಿಯೇ ಇದೆಯಲ್ಲ, ಮತ್ತೇಕೆ ಸೋಸುವುದು?” ಎಂದು ಕೇಳುತ್ತಾನೆ. “ಸುಮ್ಮನೆ ಇರಪ್ಪ, ಹಿಂದಿನಿಂದ ಬಂದ ಪದ್ಧತಿ” ಎಂದು ಉತ್ತರ ಬರುತ್ತದೆ. ಹುಡುಗನು ಸುಮ್ಮನಾಗುತ್ತಾನೆ. ಮುಂದೆ ಓದಿಗಾಗಿ ಪರಸ್ಥಳದ ವಿದ್ಯಾರ್ಥಿನಿಲಯ ಸೇರಿದ ದಿನ ಅವನ ಕೈಯಿಂದ ಸೋಸುವ ಬಟ್ಟೆಯೂ ಹೋಯಿತು, ಹಗಲೂಟವೂ ಹೋಯಿತು. ಅವನಲ್ಲಿ ಧರ್ಮದ್ವೇಷವೇನೂ ಇರಲಿಲ್ಲ. ಏಕೆ ಎಂಬುದನ್ನು ಯಾರೂ ಹೇಳದಿದ್ದುದರಿಂದ, ಕಾಪಾಡಿಕೊಳ್ಳಬೇಕಾದ ವಸ್ತು ತನ್ನಲ್ಲಿದೆಯೆಂದೇ ಅವನಿಗೆ ತೋರಲಿಲ್ಲ. ಮೂರು ತಲೆಮಾರು ನಡೆದ ವ್ರತ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಮುರಿದು ಬೀಳಬಹುದೆಂಬುದನ್ನು ಶ್ರಾವಕರು ಗಂಭೀರವಾಗಿ ಯೋಚಿಸಬೇಕು.

ಮೊದಲ ಪಾಠಶಾಲೆ ತಂದೆಯ ತೊಡೆ

ಮನೆಯಲ್ಲಿ ಮಕ್ಕಳಿಗೆ ಕಲಿಸುವುದು ಜೈನರಿಗೆ ಹೊಸ ಮಾತಲ್ಲ. ಕರ್ಮಭೂಮಿಯ ಮೊದಲ ಪಾಠ ನಡೆದುದೇ ಮನೆಯಲ್ಲಿ. ಋಷಭದೇವನು ಇನ್ನೂ ಗೃಹಸ್ಥನಾಗಿದ್ದಾಗ ಬ್ರಾಹ್ಮಿ ಮತ್ತು ಸುಂದರಿ ಎಂಬ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಬಲಗೈಯಿಂದ ಬರೆದು ಬ್ರಾಹ್ಮಿಗೆ ಅಕ್ಷರಗಳನ್ನೂ ಎಡಗೈಯಿಂದ ಬರೆದು ಸುಂದರಿಗೆ ಅಂಕಗಳನ್ನೂ ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ವರ್ಣಿಸುತ್ತದೆ. ಭರತಾದಿ ಪುತ್ರರಿಗೆ ವಿದ್ಯೆಗಳನ್ನು ಉಪದೇಶಿಸಿದುದು ಆಮೇಲಿನ ಸಂಗತಿ. ಅವನಿಗೆ ರಾಜ್ಯಭಾರವಿರಲಿಲ್ಲವೇ? ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಲೋಕಕ್ಕೆ ತೋರಿಸಿಕೊಡಬೇಕಾದ ಹೊಣೆ ಇರಲಿಲ್ಲವೇ? ಅಂಥವನೂ ಮಗಳ ಮುಂದೆ ಹಲಗೆ ಹಿಡಿದು ಕುಳಿತನೆಂದರೆ, ಪುರುಸೊತ್ತಿಲ್ಲವೆಂಬ ಗೃಹಸ್ಥನ ಮಾತಿಗೆ ಎಷ್ಟು ಬೆಲೆಯೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಅದೇ ಪುರಾಣದಲ್ಲಿ ಹೇಳಿರುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನವೂ ಎಂಟನೆಯ ವರ್ಷದಲ್ಲಿ ಉಪನೀತಿಯೂ ವಿಹಿತವಾಗಿವೆ. ಅಕ್ಷರ ಮತ್ತು ಅಂಕ ಮೊದಲು, ವ್ರತದ ಬಂಧನ ಅನಂತರ ಎಂಬ ಈ ಕ್ರಮವನ್ನು ಗಮನಿಸಬೇಕು. ಎಳೆಯ ಮಗುವಿನ ಮೇಲೆ ಮೊದಲು ನಿಷೇಧಗಳನ್ನು ಹೊರಿಸಿ ಅರಿವನ್ನು ಮುಂದಕ್ಕೆ ತಳ್ಳುವುದು ಪೂರ್ವಾಚಾರ್ಯರಿಗೆ ಸಮ್ಮತವಾದ ದಾರಿಯಲ್ಲ.

ಬಾಲಕರಿಗೆ ಯಾವ ತಪಸ್ಸು?

ವ್ರತವೆಂದೊಡನೆ ಉಪವಾಸವೆಂದು ತಿಳಿಯುವ ಪದ್ಧತಿ ಸಮಾಜದಲ್ಲಿ ಬೇರೂರಿದೆ. ಕೆಲವು ಮನೆಗಳಲ್ಲಿ ಬೇಸಗೆಯ ಬಿಸಿಲಿನಲ್ಲಿಯೂ ಎಳೆಯ ಮಕ್ಕಳಿಂದ ಉಪವಾಸ ಮಾಡಿಸಿ, ಅದನ್ನು ನಾಲ್ವರಿಗೆ ಹೇಳಿಕೊಂಡು ಹಿಗ್ಗುವ ಹಿರಿಯರೂ ಇದ್ದಾರೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿತಸ್ತಪ ಎಂದೇ ಹೆಸರಿಟ್ಟಿರುವುದನ್ನು ಅವರು ಸ್ಮರಿಸಬೇಕು. ಶಕ್ತಿಯನ್ನು ಮರೆಮಾಡದೆಯೂ ಶಕ್ತಿಯನ್ನು ಮೀರದೆಯೂ ಮಾಡುವುದೇ ತಪಸ್ಸು. ಬೆಳೆಯುವ ದೇಹಕ್ಕೆ ಅನ್ನನೀರು ಬೇಕು. ಅದನ್ನು ತಡೆದು ಪಡೆದ ಹೊಗಳಿಕೆಯು ಮಗುವಿನಲ್ಲಿ ಮಾನಕಷಾಯವನ್ನು ಬಿತ್ತಿದರೆ, ಹಿರಿಯರು ನಿರ್ಜರೆಯನ್ನು ಬಯಸಿ ಬಂಧವನ್ನು ತಂದಂತಾಗುತ್ತದೆ.

ಹಾಗಾದರೆ ಬಾಲಕರಿಗೆ ತಪಸ್ಸೇ ಇಲ್ಲವೇ? ಇದೆ. ತಪಸ್ಸು ಹನ್ನೆರಡು ಬಗೆ. ಬಾಹ್ಯ ಆರು, ಆಭ್ಯಂತರ ಆರು. ಅನಶನವು ಬಾಹ್ಯದಲ್ಲಿ ಮೊದಲನೆಯದು. ಆಭ್ಯಂತರ ತಪಸ್ಸುಗಳಾದ ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳಲ್ಲಿ ಸ್ವಾಧ್ಯಾಯವು ನಾಲ್ಕನೆಯದು. ಐದು ವರ್ಷದ ಮಗುವೂ ಬಾಡದೆ ಬಳಲದೆ ಮಾಡಬಹುದಾದ ತಪಸ್ಸು ಇದೇ.

ಇದಕ್ಕೆ ಕಾಲಪ್ರಮಾಣವನ್ನು ಗೊತ್ತುಪಡಿಸಿಕೊಳ್ಳಬೇಕು. ಆಜೀವವಾಗಿ ಕೈಕೊಂಡದ್ದು ಯಮ, ಕಾಲದ ಎಲ್ಲೆಯನ್ನಿಟ್ಟು ಕೈಕೊಂಡದ್ದು ನಿಯಮ ಎಂದು ಶ್ರಾವಕಾಚಾರದಲ್ಲಿ ವಿಭಾಗವಿದೆ. ಮಕ್ಕಳಿಗೆ ನಿಯಮವೇ ಹಿತ. ಬೆಳಗಿನ ತಂಪಿನಲ್ಲಿ ಒಂದು ಗಳಿಗೆ, ಸಂಜೆಯ ಊಟವಾದ ಬಳಿಕ ಒಂದು ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ಎರಡು ಗಳಿಗೆಗೆ 48 ನಿಮಿಷ, ಅಂದರೆ ಒಂದು ಮುಹೂರ್ತ. ಹಿರಿಯರ ಸಾಮಾಯಿಕಕ್ಕೆ ರೂಢಿಯಲ್ಲಿರುವ ಕಾಲವೂ ಅಷ್ಟೇ. ಇದಕ್ಕಿಂತ ಹೆಚ್ಚು ಹೊತ್ತು ಮಕ್ಕಳನ್ನು ಕಟ್ಟಿಹಾಕುವ ಅಗತ್ಯವಿಲ್ಲ. ಉಳಿದ ಹೊತ್ತು ಅವರು ಆಡಲಿ, ಮರ ಹತ್ತಲಿ, ಕೆರೆಯ ಏರಿಯ ಮೇಲೆ ಓಡಲಿ. ದಿನಕ್ಕೊಂದು ಮುಹೂರ್ತದಂತೆ 32 ದಿನಗಳಿಗೆ 32 ಮುಹೂರ್ತಗಳಾದವು. ಒಂದು ಅಹೋರಾತ್ರಿಗೆ 30 ಮುಹೂರ್ತ. ಎಂದರೆ ಇಡೀ ರಜೆಯಲ್ಲಿ ಹಿರಿಯರು ಮಗುವಿಗೆ ಕೊಟ್ಟದ್ದು ಒಂದು ಹಗಲು, ಒಂದು ರಾತ್ರಿ ಮತ್ತು ಎರಡು ಮುಹೂರ್ತ ಮಾತ್ರ. ಇಷ್ಟನ್ನೂ ಕೊಡಲಾರೆವೆನ್ನುವ ಮನೆ ಯಾವುದಿದ್ದೀತು?

ಸ್ವಾಧ್ಯಾಯದ ಐದು ಅಂಗಗಳು

ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ಅಂಗಗಳನ್ನು ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಓದುವುದು, ಕೇಳುವುದು, ಮನಸ್ಸಿನಲ್ಲಿ ಮಥಿಸುವುದು, ತಪ್ಪಿಲ್ಲದೆ ಪುನಃ ಪುನಃ ಹೇಳುವುದು, ಇತರರಿಗೆ ತಿಳಿಸುವುದು. ಮಗುವಿಗೆ ಯಾವುದನ್ನೇ ಕಲಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಕ್ರಮವನ್ನು ಕಾಣುವುದು ಕಷ್ಟ.

ವಾಚನಾ. ಇಂದು ಅನೇಕ ಮನೆಗಳ ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಓದುತ್ತಾರೆ. ಕನ್ನಡವನ್ನು ಮಾತಾಡುತ್ತಾರೆ, ಪುಸ್ತಕ ಕೊಟ್ಟರೆ ಒತ್ತಕ್ಷರಗಳಲ್ಲಿ ಎಡವುತ್ತಾರೆ. ಪಂಪನು 941ರಲ್ಲಿ ಆದಿಪುರಾಣವನ್ನು ಬರೆದ ಭಾಷೆಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಬಸದಿಯ ಗೋಡೆಯ ಮೇಲಿನ ಬರೆಹ ಓದಲು ಬಾರದೆ ಹೋದರೆ, ಅಜ್ಜಿಯ ಪೆಟ್ಟಿಗೆಯಲ್ಲಿರುವ ವ್ರತಕಥೆಯ ಪುಸ್ತಕಗಳೆಲ್ಲ ಅದರ ಪಾಲಿಗೆ ಬೀಗ ಹಾಕಿದ ಭಂಡಾರ. ಆದುದರಿಂದ ಬೆಳಗಿನ ಗಳಿಗೆಯಲ್ಲಿ ಕನ್ನಡದ ಒಂದು ಪುಟವನ್ನು ಮಗುವು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಇನ್ನೂ ಚಿಕ್ಕ ಮಗುವಾದರೆ ಇಪ್ಪತ್ತನಾಲ್ಕು ತೀರ್ಥಂಕರರ ಹೆಸರುಗಳನ್ನು ದಿನಕ್ಕೊಂದರಂತೆ ಸ್ಲೇಟಿನ ಮೇಲೆ ಬರೆಯಲಿ. ಪಕ್ಕದಲ್ಲಿ ಲಾಂಛನದ ಚಿತ್ರವನ್ನು ಬಿಡಿಸಲಿ. ಋಷಭನಿಗೆ ವೃಷಭ, ಅಜಿತನಿಗೆ ಆನೆ, ಸಂಭವನಿಗೆ ಕುದುರೆ, ಅಭಿನಂದನನಿಗೆ ಕಪಿ. ಹೀಗೆ ಸಾಗಿ ಪಾರ್ಶ್ವನಿಗೆ ಸರ್ಪ, ಮಹಾವೀರನಿಗೆ ಸಿಂಹ. ಇದಾದ ಬಳಿಕ ಬಸದಿಗೆ ಕರೆದೊಯ್ದರೆ ಮಗುವು ಬಿಂಬದ ಪಾದಪೀಠವನ್ನು ತಾನೇ ನೋಡಿ ಇದು ಯಾರ ಬಿಂಬವೆಂದು ಗುರುತಿಸುವುದು. ಅಂದಿನಿಂದ ದರ್ಶನವು ಅದಕ್ಕೆ ಬರಿಯ ಕೈಮುಗಿಯುವ ಕೆಲಸವಾಗಿ ಉಳಿಯದು.

ಪೃಚ್ಛನಾ. ಕೇಳುವುದೂ ತಪಸ್ಸಿನ ಅಂಗವೆಂದು ಆಚಾರ್ಯರು ಹೇಳಿರುವಾಗ, ಮಗುವಿನ ಪ್ರಶ್ನೆಯನ್ನು ಗದರಿ ಅಡಗಿಸುವುದು ಮಗುವಿನ ತಪಸ್ಸಿಗೆ ವಿಘ್ನವನ್ನು ಒಡ್ಡಿದಂತೆ. ಬೇಸಗೆಯ ಅಡುಗೆಮನೆಯಷ್ಟು ಪ್ರಶ್ನೆಗಳನ್ನು ಹುಟ್ಟಿಸುವ ಪಾಠಶಾಲೆ ಬೇರೆಯಿಲ್ಲ. ನೀರನ್ನು ಸೋಸುವಾಗ ಮಗುವಿನ ಕೈಗೆ ಬಟ್ಟೆಯ ಒಂದು ತುದಿಯನ್ನು ಕೊಡಬೇಕು. ಬಟ್ಟೆಯನ್ನು ಎರಡು ಮಡಿಕೆ ಏಕೆ ಮಾಡಬೇಕು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಅಥವಾ ಕೆರೆಗೆ ಮೆಲ್ಲನೆ ಏಕೆ ಹಿಂದಿರುಗಿಸಬೇಕು ಎಂದು ತಿಳಿಸಬೇಕು. ಕಣ್ಣಿಗೆ ಕಾಣದ ಜೀವಗಳು ನೀರಿನಲ್ಲಿವೆಯೆಂದು ಶಾಲೆಯಲ್ಲಿ ಸೂಕ್ಷ್ಮದರ್ಶಕ ತೋರಿಸುತ್ತದೆ. ಆ ಜೀವಗಳಿಗೂ ತಮ್ಮದೊಂದು ನೆಲೆಯಿದೆ, ಅದರಿಂದ ಅವನ್ನು ಅಗಲಿಸಬಾರದೆಂದು ಮನೆ ತೋರಿಸಬೇಕು. ಶಾಲೆಯ ಪಾಠಕ್ಕೂ ಮನೆಯ ಆಚಾರಕ್ಕೂ ಹೀಗೆ ಸಂಬಂಧ ಬೆಳೆದರೆ, ಎರಡರಲ್ಲಿ ಒಂದನ್ನು ಬಿಡಬೇಕೆಂಬ ಭಾವನೆ ಮುಂದೆಯೂ ಮೂಡುವುದಿಲ್ಲ.

ಹಿಟ್ಟಿನ ಡಬ್ಬಿಯಲ್ಲಿ ಇನ್ನೊಂದು ಪಾಠವಿದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆ ಆಚಾರದಲ್ಲಿ ನಡೆದುಬಂದಿದೆ. ಗಿರಣಿಯಿಂದ ಹಿಟ್ಟು ಬಂದ ದಿನ ಮಗುವೇ ಒಂದು ಚೀಟಿಯಲ್ಲಿ ತಾರೀಖು ಬರೆದು ಡಬ್ಬಿಗೆ ಅಂಟಿಸಲಿ. ಮರ್ಯಾದೆ ಮುಗಿಯುವ ದಿನವನ್ನು ಎಣಿಸಿ ತಾಯಿಗೆ ಹೇಳಲಿ. ಮಳೆಗಾಲದಲ್ಲಿಯೇ ದಿನಗಳು ಏಕೆ ಕಡಮೆ ಎಂದು ಅದು ಖಂಡಿತವಾಗಿ ಕೇಳುತ್ತದೆ. ತೇವದಲ್ಲಿ ಜೀವೋತ್ಪತ್ತಿ ಬೇಗ ಎಂಬ ಉತ್ತರವನ್ನು ಕೊಡುವ ಮೊದಲು, ನೀನೇ ಯೋಚಿಸು ಎಂದು ಒಂದು ದಿನ ಕಾಯುವುದು ಇನ್ನೂ ಒಳ್ಳೆಯದು.

ಹಗಲೂಟದ ನಿಯಮವೂ ಹೀಗೆಯೇ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯಬೇಕೆಂಬುದು ವಿಧಿ. ಒಂದು ದಿನ ಸೂರ್ಯಾಸ್ತವು 6 ಗಂಟೆ 45 ನಿಮಿಷಕ್ಕಾದರೆ ಎಲೆಯ ಮುಂದಿನಿಂದ ಏಳಬೇಕಾದುದು 5 ಗಂಟೆ 57 ನಿಮಿಷದೊಳಗೆ. ಪಂಚಾಂಗವನ್ನು ನೋಡಿ ಪ್ರತಿದಿನದ ಲೆಕ್ಕವನ್ನು ಮಗುವಿಗೇ ಒಪ್ಪಿಸಿದರೆ ಗಡಿಯಾರ ಓದುವುದನ್ನೂ ಕಳೆಯುವ ಲೆಕ್ಕವನ್ನೂ ಅದು ಬೇಗ ಕಲಿಯುತ್ತದೆ. ಇದಕ್ಕಿಂತ ಹೆಚ್ಚಿನ ಫಲವೊಂದಿದೆ. ಊಟಕ್ಕೆ ಕರೆಯುವವರು ಇಷ್ಟು ದಿನ ತಾಯಿಯಾಗಿದ್ದರು. ಇನ್ನು ಮೇಲೆ, “ಅಮ್ಮಾ, ಹೊತ್ತಾಯಿತು” ಎಂದು ಎಚ್ಚರಿಸುವ ಹೊಣೆ ಮಗುವಿನದು. ತಾನು ಕಾಯುವ ನಿಯಮವನ್ನು ಮಗುವು ತನ್ನದೆಂದು ತಿಳಿಯುತ್ತದೆ.

ಅನುಪ್ರೇಕ್ಷಾ. ಕೇಳಿದ್ದನ್ನು ಮನಸ್ಸಿನಲ್ಲಿ ತಿರುತಿರುಗಿ ನೋಡುವುದೇ ಅನುಪ್ರೇಕ್ಷೆ. ಇದಕ್ಕೆ ಗಣಿತದಷ್ಟು ನೆರವಾಗುವ ವಿದ್ಯೆ ಇನ್ನೊಂದಿಲ್ಲ. ಜಪಮಾಲೆಯಲ್ಲಿ 108 ಮಣಿಗಳೇಕೆ ಎಂದು ಮಗುವನ್ನೇ ಕೇಳಬೇಕು. ಒಂದು ಕೆಲಸವು ಸಂರಂಭ, ಸಮಾರಂಭ, ಆರಂಭ ಎಂದು ಮೂರು ಹಂತಗಳಲ್ಲಿ ನಡೆಯುತ್ತದೆ. ಮನಸ್ಸು, ಮಾತು, ಮೈ ಎಂಬ ಮೂರು ಸಾಧನಗಳಿಂದ ನಡೆಯುತ್ತದೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಎಂದು ಮೂರು ಬಗೆಯಾಗುತ್ತದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು ಅದನ್ನು ಪ್ರೇರಿಸುತ್ತವೆ. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಕೊನೆಗೆ ನಾಲ್ಕರಿಂದ ಗುಣಿಸಿದರೆ 108. ಹುರುಳಿಯ ಕಾಳುಗಳನ್ನು ನೆಲದ ಮೇಲೆ ಸಾಲು ಸಾಲಾಗಿ ಇಟ್ಟು ಇದನ್ನು ತೋರಿಸಬಹುದು. ಪಾಪವು ಒಳಬರಲು 108 ಬಾಗಿಲುಗಳಿವೆ, ಒಂದೊಂದು ಮಣಿಯೂ ಒಂದೊಂದು ಬಾಗಿಲಿನ ಕಾವಲು ಎಂದು ಎಂಟು ವರ್ಷದ ಮಗುವು ತಿಳಿದ ದಿನದಿಂದ ಅದರ ಬೆರಳು ಮಾಲೆಯ ಮೇಲೆ ಬೇರೆಯಾಗಿಯೇ ಚಲಿಸುವುದು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಗುಣಾಕಾರದ ಉದಾಹರಣೆಗಳನ್ನು ಜಿನಾಲಯದಿಂದಲೇ ಆರಿಸಿಕೊಂಡಿದ್ದಾರೆ. ಒಂದೊಂದು ಜಿನಾಲಯಕ್ಕೆ 8 ಕಮಲಗಳಂತೆ 144 ಜಿನಾಲಯಗಳಿಗೆ ಎಷ್ಟು ಕಮಲಗಳೆಂಬುದು ಅವುಗಳಲ್ಲಿ ಒಂದು, ಉತ್ತರ 1152. ಒಂದು ಜಿನಾಲಯಕ್ಕೆ 139 ಪುಷ್ಯರಾಗಗಳಂತೆ 109 ಜಿನಾಲಯಗಳಿಗೆ ಎಷ್ಟೆಂಬುದು ಇನ್ನೊಂದು. ಇದರ ಉತ್ತರ 15151. ಬಲದಿಂದ ಓದಿದರೂ ಎಡದಿಂದ ಓದಿದರೂ ಅಂಕಗಳು ಒಂದೇ ಆಗಿ ಹಾರದಂತೆ ಕಾಣುವ ಈ ಸಂಖ್ಯೆಯನ್ನು ಮಗುವು ತಾನೇ ಗುಣಿಸಿ ಕಂಡುಕೊಂಡಾಗ ಆಗುವ ಹಿಗ್ಗನ್ನು ಯಾವ ಆಟದ ಸಾಮಾನೂ ಕೊಡಲಾರದು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ನಾಡಿನ ಮಕ್ಕಳು ಲೆಕ್ಕವನ್ನೂ ಭಕ್ತಿಯನ್ನೂ ಒಂದೇ ಹಲಗೆಯ ಮೇಲೆ ಕಲಿಯಬಹುದಾಗಿತ್ತೆಂಬುದನ್ನು ಇಂದಿನ ತಂದೆತಾಯಿಗಳು ನೆನೆಯಬೇಕು.

ಮನೆಯ ಹೊರಗೂ ಅನುಪ್ರೇಕ್ಷೆಗೆ ವಸ್ತುವುಂಟು. ಅಷ್ಟಮೂಲಗುಣಗಳಲ್ಲಿ ಐದು ಬಗೆಯ ಉದುಂಬರ ಫಲಗಳ ತ್ಯಾಗವನ್ನು ಹೇಳಿದೆ. ಅತ್ತಿಯ ಮರದ ಕೆಳಗೆ ಗಿಳಿಗಳು ಕಚ್ಚಿ ಬೀಳಿಸಿದ ಹಣ್ಣುಗಳು ಬೇಕಾದಷ್ಟು ಬಿದ್ದಿರುತ್ತವೆ. ಒಡೆದು ಬಿದ್ದ ಒಂದು ಹಣ್ಣನ್ನು ತೋರಿಸಿದರೆ ಸಾಕು. ಒಳಗೆ ಹರಿದಾಡುವ ಸಣ್ಣ ಕೀಟಗಳನ್ನು ಮಗುವು ಕಣ್ಣಾರೆ ಕಾಣುತ್ತದೆ. ಆ ಕೀಟಗಳಿಗೆ ಹಣ್ಣೇ ಹುಟ್ಟುಮನೆ, ಅವುಗಳಿಲ್ಲದೆ ಅತ್ತಿಯ ಹೂವಿಗೆ ಪರಾಗವಿಲ್ಲ, ಬೀಜವಿಲ್ಲ ಎಂಬುದನ್ನು ಸಸ್ಯಶಾಸ್ತ್ರವೂ ಹೇಳುತ್ತದೆ. ತಿನ್ನಬಾರದೆಂದು ನೂರು ಸಲ ಹೇಳಿದುದಕ್ಕಿಂತ ಈ ಒಂದು ನೋಟ ಮೇಲು.

ಆಮ್ನಾಯ. ಉಚ್ಚಾರಣೆಯಲ್ಲಿ ದೋಷವಿಲ್ಲದಂತೆ ಪುನರಾವರ್ತಿಸುವುದು ಆಮ್ನಾಯ. ಪಂಚನಮಸ್ಕಾರ ಮಂತ್ರಕ್ಕೆ 35 ಅಕ್ಷರಗಳು. ಅವುಗಳಲ್ಲಿ ಒಂದನ್ನೂ ನುಂಗದೆ, ಒಂದನ್ನೂ ಸೇರಿಸದೆ ಹೇಳಲು ಬಂದರೆ ಆ ಮಗುವಿನ ಒಂದು ವಾರ ಸಾರ್ಥಕ. ಅಕ್ಷರದ ಬೆಲೆಯನ್ನು ತಿಳಿಸುವ ಕಥೆ ಶ್ರುತಪಂಚಮಿಯ ಮೂಲದಲ್ಲಿಯೇ ಇದೆ. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ವಾಸವಾಗಿದ್ದ ಧರಸೇನಾಚಾರ್ಯರಿಗೆ ಮುಪ್ಪಡಸಿತ್ತು. ತಮ್ಮಲ್ಲಿ ಉಳಿದಿದ್ದ ಶ್ರುತವು ತಮ್ಮೊಡನೆಯೇ ಅಳಿದುಹೋದೀತೆಂಬ ಚಿಂತೆಯಿಂದ ಅವರು ದಕ್ಷಿಣಾಪಥದ ಮುನಿಸಂಘಕ್ಕೆ ಹೇಳಿಕಳುಹಿದರು. ಇಬ್ಬರು ಮುನಿಗಳು ಬಂದರು. ಅವರೇ ಮುಂದೆ ಪುಷ್ಪದಂತರೆಂದೂ ಭೂತಬಲಿಗಳೆಂದೂ ಖ್ಯಾತರಾದವರು. ಆಚಾರ್ಯರು ಅವರನ್ನು ಪರೀಕ್ಷಿಸಲೆಂದು ಎರಡು ಮಂತ್ರಗಳನ್ನು ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಮೆ. ಸಾಧಿಸಿದಾಗ ಒಬ್ಬರಿಗೆ ಉಬ್ಬುಹಲ್ಲಿನ ದೇವಿಯೂ ಮತ್ತೊಬ್ಬರಿಗೆ ಒಕ್ಕಣ್ಣಿನ ದೇವಿಯೂ ತೋರಿದರು. ದೇವತೆಗಳ ಸ್ವಭಾವ ಹೀಗಿರಲಾರದೆಂದು ಮುನಿಗಳು ತಾವೇ ಆಲೋಚಿಸಿ, ಮಂತ್ರವ್ಯಾಕರಣದಿಂದ ಅಕ್ಷರದೋಷವನ್ನು ಕಂಡುಹಿಡಿದು ತಿದ್ದಿಕೊಂಡರು. ಆಗ ದೇವಿಯರು ಸಹಜರೂಪದಿಂದ ಮೈದೋರಿದರು. ಇದನ್ನು ಕೇಳಿದ ಬಳಿಕವೇ ಆಚಾರ್ಯರು ಪಾಠವನ್ನು ಆರಂಭಿಸಿದರು.

ಇಲ್ಲಿ ಹಿರಿಯರಿಗೂ ಒಂದು ಪಾಠವಿದೆ. ತಪ್ಪೆಲ್ಲಿದೆಯೆಂದು ಗುರುಗಳಿಗೆ ಗೊತ್ತಿತ್ತು. ಆದರೂ ಅವರು ಬೆರಳಿಟ್ಟು ತೋರಿಸಲಿಲ್ಲ. ಶಿಷ್ಯರು ತಾವಾಗಿ ಕಂಡುಕೊಳ್ಳುವವರೆಗೆ ಕಾದರು. ಮಗುವು ಲೆಕ್ಕದಲ್ಲಿ ತಪ್ಪಿದೊಡನೆ ಬಳಪವನ್ನು ಕಿತ್ತುಕೊಂಡು ತಾವೇ ಬರೆದುಬಿಡುವ ಹಿರಿಯರು ಧರಸೇನರ ಈ ತಾಳ್ಮೆಯನ್ನು ಅಭ್ಯಾಸಮಾಡಬೇಕು.

ಧರ್ಮೋಪದೇಶ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿದಾಗಲೇ ಅದು ಗಟ್ಟಿಯಾಗುವುದು. ರಜೆಯಲ್ಲಿ ಮಕ್ಕಳು ಅಜ್ಜನ ಮನೆಗೂ ಸೋದರಮಾವನ ಮನೆಗೂ ಹೋಗುವುದು ಈ ನಾಡಿನ ವಾಡಿಕೆ. ಷಟ್ಖಂಡಾಗಮದ ಇತಿಹಾಸದಲ್ಲಿಯೂ ಒಬ್ಬ ಸೋದರಮಾವನಿದ್ದಾನೆಂಬುದು ಮಕ್ಕಳಿಗೆ ಹೇಳಬೇಕಾದ ಮಾತು. ಧರಸೇನರಿಂದ ವಿದ್ಯೆಯನ್ನು ಪಡೆದ ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಕನ್ನಡ ನಾಡಿನ ಬನವಾಸಿಯ ಸೀಮೆಗೆ ಬಂದರು. ತಮ್ಮ ಸೋದರಳಿಯನಾದ ಜಿನಪಾಲಿತನಿಗೆ ದೀಕ್ಷೆಯನ್ನಿತ್ತು, ಸೂತ್ರಗಳನ್ನು ರಚಿಸಿ ಅವನಿಗೆ ಕಲಿಸಿ, ಅವನನ್ನು ಭೂತಬಲಿಗಳ ಬಳಿಗೆ ಕಳುಹಿದರೆಂದು ಶ್ರುತಾವತಾರದ ಪರಂಪರೆ ತಿಳಿಸುತ್ತದೆ. ಭೂತಬಲಿಗಳು ಗ್ರಂಥವನ್ನು ಪೂರ್ತಿಗೊಳಿಸಿದರು. ಜ್ಯೇಷ್ಠ ಶುಕ್ಲ ಪಂಚಮಿಯಂದು ಚತುಃಸಂಘವು ಆ ಶ್ರುತವನ್ನು ಪೂಜಿಸಿತು. ಅದರ ಧವಲಾ ಟೀಕೆಯ ತಾಡವಾಲೆಗಳನ್ನು ಮೂಡುಬಿದಿರೆಯ ಸಿದ್ಧಾಂತ ಬಸದಿ ಶತಮಾನಗಳ ಕಾಲ ಕಾಪಾಡಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಯಿತು. ಮುದುಕರೊಬ್ಬರ ಚಿಂತೆ, ಇಬ್ಬರು ಶಿಷ್ಯರ ಶ್ರದ್ಧೆ, ಒಬ್ಬ ಸೋದರಳಿಯನ ನೆನಪು. ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ ಇಂದು ಪೂಜಿಸಲು ಗ್ರಂಥವೇ ಇರುತ್ತಿರಲಿಲ್ಲ. ಆದುದರಿಂದ ದೊಡ್ಡ ಮಗು ಚಿಕ್ಕದಕ್ಕೆ ಕಲಿಸಲಿ. ಸೋದರಮಾವನು ಬಂದ ಮಕ್ಕಳನ್ನು ಸಂಜೆಯ ಗಳಿಗೆಯಲ್ಲಿ ಸುತ್ತ ಕೂರಿಸಿಕೊಂಡು ಕಥೆ ಹೇಳಲಿ, ಮರುದಿನ ಅದನ್ನೇ ಅವರಿಂದ ಹೇಳಿಸಲಿ.

ವ್ರತಕ್ಕೆ ಬರುವ ಅತಿಚಾರಗಳು

ಪ್ರತಿಯೊಂದು ವ್ರತಕ್ಕೂ ಅತಿಚಾರಗಳಿರುವಂತೆ ಇದಕ್ಕೂ ಇವೆ. ಅವು ಹೆಚ್ಚಾಗಿ ಹಿರಿಯರಿಂದ ಬರತಕ್ಕವು. ಗೊತ್ತಾದ ಕಾಲವನ್ನು ಮೀರಿ ಮಗುವನ್ನು ಕೂರಿಸುವುದು ಒಂದು. ನೆರೆಮನೆಯ ಮಗುವಿನೊಡನೆ ಹೋಲಿಸಿ ಹೀಯಾಳಿಸುವುದು ಎರಡನೆಯದು. ಒಂದು ದಿನ ತಪ್ಪಿದರೆ ಕೋಪಿಸಿ ಹೊಡೆಯುವುದು ಮೂರನೆಯದು. ತಪ್ಪಿದ ದಿನಕ್ಕೆ ಮರುದಿನದ ಎಚ್ಚರವೇ ಪ್ರಾಯಶ್ಚಿತ್ತ. ಇಷ್ಟು ಪಾಠ ಒಪ್ಪಿಸಿದರೆ ಇಷ್ಟು ಹಣವೆಂದು ಆಸೆ ತೋರಿಸುವುದು ನಾಲ್ಕನೆಯದು. ಮಾಯೆ, ಮಿಥ್ಯೆ, ನಿದಾನಗಳೆಂಬ ಶಲ್ಯಗಳು ಮೂರು. ಫಲದ ಬಯಕೆಯೇ ನಿದಾನ. ಶಲ್ಯವಿರುವಲ್ಲಿ ವ್ರತವಿಲ್ಲ. ಹಣಕ್ಕಾಗಿ ಕಲಿತ ಮಗು ಹಣ ನಿಂತ ದಿನ ಕಲಿಕೆಯನ್ನೂ ನಿಲ್ಲಿಸುತ್ತದೆ.

ಐದನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಮಗುವಿಗೆ ಪುಸ್ತಕವನ್ನು ಕೊಟ್ಟು ಹಿರಿಯರು ತಮ್ಮ ಮೊಬೈಲಿನಲ್ಲಿ ಮುಳುಗುವುದು. ಭೋಗೋಪಭೋಗ ಪರಿಮಾಣವು ಗೃಹಸ್ಥನ ವ್ರತ. ಮಗುವಿಗೆ ಫಲಕದ ಮುಂದೆ ಕುಳಿತುಕೊಳ್ಳಲು ಇಷ್ಟೇ ಹೊತ್ತು ಎಂದು ಪರಿಮಾಣವಿಡುವವರು ತಮಗೂ ಅದನ್ನು ಇಟ್ಟುಕೊಳ್ಳಬೇಕು. ಆ ಒಂದು ಮುಹೂರ್ತವಾದರೂ ಮನೆಯ ಎಲ್ಲ ಮೊಬೈಲುಗಳೂ ಒಂದೇ ಗೂಡಿನಲ್ಲಿ ಮೌನವ್ರತದಲ್ಲಿರಲಿ.

ತಂದೆತಾಯಿಗಳಿಬ್ಬರೂ ದುಡಿಯಲು ಹೋಗುವ ಮನೆಗಳಿವೆ. ಬೇಸಗೆಯಲ್ಲಿಯೇ ಹೊಲದ ಕೆಲಸ ಮೈಮೇಲೆ ಬರುವ ಮನೆಗಳಿವೆ. ಅಲ್ಲಿ ಎರಡು ಗಳಿಗೆ ಸಿಗದಿದ್ದರೆ ಒಂದೇ ಗಳಿಗೆ ಸಾಕು. ಓದಲು ಬರೆಯಲು ಬಾರದ ಅಜ್ಜಿಯೂ ಕಥೆ ಹೇಳಬಲ್ಲಳು, ಮೊಮ್ಮಗುವಿನಿಂದ ಓದಿಸಿ ಕೇಳಬಲ್ಲಳು. ಮಠಗಳಲ್ಲಿಯೂ ಬಸದಿಗಳಲ್ಲಿಯೂ ರಜೆಯ ದಿನಗಳಲ್ಲಿ ನಡೆಯುವ ಧಾರ್ಮಿಕ ಶಿಬಿರಗಳಿಗೆ ಮಕ್ಕಳನ್ನು ಕಳುಹಿಸುವುದು ಯೋಗ್ಯವೇ. ಆದರೆ ಶಿಬಿರದಲ್ಲಿ ಬಿತ್ತಿದ ಬೀಜಕ್ಕೆ ನೀರೆರೆಯುವುದು ಮನೆಯ ಕೆಲಸ.

ಉದ್ಯಾಪನೆ

ವ್ರತವು ಪೂರ್ಣವಾದ ಮೇಲೆ ಉದ್ಯಾಪನೆಯಾಗಬೇಕು. ಶ್ರುತಪಂಚಮಿಯ ದಿನ ಮಕ್ಕಳನ್ನು ಕಟ್ಟಿಕೊಂಡು ಮನೆಯ ಗ್ರಂಥಗಳನ್ನು ಹೊರತೆಗೆದು, ಧೂಳನ್ನು ಮೃದುವಾದ ಬಟ್ಟೆಯಿಂದ ಒರಸಿ, ಹೊಸ ವಸ್ತ್ರದಲ್ಲಿ ಕಟ್ಟಿಡಬೇಕು. ಮನೆಯವರೆಲ್ಲರ ಮುಂದೆ ಮಗುವು ತಾನು ಕಲಿತ ಒಂದು ಪುಟವನ್ನು ಓದಲಿ, ಒಂದು ಲೆಕ್ಕವನ್ನು ಮಾಡಿ ತೋರಿಸಲಿ, ಒಂದು ಕಥೆಯನ್ನು ಹೇಳಲಿ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವು ಈ ವ್ರತಕ್ಕೆ ತಕ್ಕುದು. ಪುಸ್ತಕವಿಲ್ಲದ ಇನ್ನೊಂದು ಮಗುವಿಗೆ ಈ ಮಗುವು ತನ್ನ ಕೈಯಿಂದಲೇ ಒಂದು ಪುಸ್ತಕವನ್ನು ಕೊಡಲಿ. ಕೆಲವು ವರ್ಷ ಶಾಲೆ ತೆರೆದ ಬಳಿಕ ಪಂಚಮಿ ಬರುವುದುಂಟು. ಅದರಿಂದ ವ್ರತಕ್ಕೆ ಭಂಗವಿಲ್ಲ. ಶಾಲೆಯಿಂದ ಬಂದ ಮೇಲೂ ಒಂದು ಮುಹೂರ್ತ ಉಳಿದೇ ಇರುತ್ತದೆ.

ಅಕ್ಷಯವೆಂದರೆ ಕ್ಷಯವಿಲ್ಲದ್ದು. ಹೊನ್ನು ಕೊಟ್ಟರೆ ಕರಗುತ್ತದೆ, ಅನ್ನ ಉಂಡರೆ ತೀರುತ್ತದೆ. ಕೊಟ್ಟಷ್ಟೂ ಉಳಿಯುವುದು ಅರಿವು ಒಂದೇ. ಮುಂದೊಂದು ದಿನ ಮುನಿಗಳು ಊರಿಗೆ ಬಂದಾಗ ಇಂದಿನ ಈ ಮಗುವು ಬಾಗಿಲಲ್ಲಿ ನಿಂತು ಪ್ರತಿಗ್ರಹ ಮೊದಲಾದ ನವಧಾಭಕ್ತಿಯನ್ನು ತಪ್ಪಿಲ್ಲದೆ ಮಾಡುವಂತಾಗಲಿ. ಕೈಯಲ್ಲಿ ಎಲ್ಲವೂ ಇದ್ದು ಕೊಡಲು ಅರಿಯದವರ ಸಾಲಿನಲ್ಲಿ ಅದು ನಿಲ್ಲದಿರಲಿ. ಶ್ರಾವಕ-ಶ್ರಾವಿಕೆಯರ ಮನೆಮನೆಯೂ ಈ ಬೇಸಗೆಯಲ್ಲಿ ಶ್ರುತದೇವಿಯ ನೆಲೆಯಾಗಲಿ. ಮಕ್ಕಳಿಗೆ ಸಮ್ಯಗ್ಜ್ಞಾನವೂ ಹಿರಿಯರಿಗೆ ತಾಳ್ಮೆಯೂ ದೊರೆಯಲಿ.